ಕುದುರೆ ಕಳುವಿನ ಕಥೆಗೆ ನಾನು ಸೇರಿಸಿದ್ದು

ನನ್ನ ತಂಗಿಯಿಂದ ಊರ ಮುಂದೆ ತಪ್ಪುಕಾಣಿಕೆ ಇಡಿಸಿದ ದಿನ ನಾನು ಬಾಯಿ ತೆರೆಯಲಿಲ್ಲ ಎಂದು ಬರೆದರೆ ಅದು ಅರ್ಧ ಸುಳ್ಳು. ತಪ್ಪು ನನ್ನದು ಎಂದು ಹೇಳಬೇಕಿತ್ತು, ಹೇಳಲಿಲ್ಲ, ಅದು ನಿಜ. ಆದರೆ ಬಾಯಿ ತೆರೆದೆ. ತೆರೆದು ಆಡಿದ ಒಂದು ಮಾತು ಸುಮ್ಮನಿದ್ದುದಕ್ಕಿಂತ ಕೆಟ್ಟದ್ದಾಗಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನನ್ನ ಕೆಲಸವಲ್ಲ. ಕಥೆ ಕಟ್ಟುವುದು ತಂಗಿಯ ಕೆಲಸವಾಗಿತ್ತು. ಅದನ್ನು ಅವಳ ಬಾಯಿಂದ ಕಿತ್ತವನು ನಾನಾದ್ದರಿಂದ ಇದನ್ನು ನಾನೇ ಬರೆಯಬೇಕು.

ತಪ್ಪುಕಾಣಿಕೆ ಎಂದರೆ ದೇವರ ಮುಂದೆ ಎಲೆ, ಅಡಿಕೆ, ತೆಂಗಿನಕಾಯಿ, ಮೇಲೊಂದು ನಾಣ್ಯ ಇಟ್ಟು, “ತಪ್ಪಾತು” ಎಂದು ಹಿರಿಯರ ಕಾಲಿಗೆ ಬೀಳುವುದು. ನಮ್ಮ ಕಡೆ ಅದನ್ನು ಒಮ್ಮೆ ಇಟ್ಟರೆ ಮುಗಿಯಿತು. ಆಮೇಲೆ ಯಾರೂ ಆ ಮಾತು ಎತ್ತಬಾರದು. ಒಳ್ಳೆಯ ಪದ್ಧತಿ ಎನ್ನುತ್ತಾರೆ. ಆದರೆ ಮಾಡದ ತಪ್ಪಿಗೆ ಇಟ್ಟವರ ಪಾಲಿಗೂ ಬಾಗಿಲು ಹಾಗೆಯೇ ಮುಚ್ಚಿಬಿಡುತ್ತದೆ. ‘ನಾನು ಮಾಡಿರಲಿಲ್ಲ’ ಎಂದು ಹೇಳಲು ಅವರಿಗೆ ಮತ್ತೆಂದೂ ಅವಕಾಶವಿಲ್ಲ.

ನಮ್ಮ ಊರು ಮುಂಡಗೋಡ ತಾಲೂಕಿನಲ್ಲಿ, ಇಂದೂರಿನಿಂದ ಸ್ವಲ್ಪ ಒಳಗೆ. ಭತ್ತ, ಗೋವಿನಜೋಳ ಬೆಳೆಯುತ್ತೇವೆ. ನಾನು ದೊಡ್ಡಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಸ್ವಂತ ದೊಡ್ಡಪ್ಪನಲ್ಲ, ಅಪ್ಪನ ಕಾಕಾನ ಮಗ. ಬಸವಣ್ಣನ ಗುಡಿಯ ಹಿರಿಯ. ಎದುರಿಗೆ “ರೀ” ಹಚ್ಚದೆ ಮಾತಾಡುತ್ತಿರಲಿಲ್ಲ, ಮನಸ್ಸಿನಲ್ಲಿ ಒಮ್ಮೆಯೂ ಹಚ್ಚಲಿಲ್ಲ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನ ಹೊಲ ನಮ್ಮ ಹೊಲದ ಕಡೆಗೆ ಸರಿಯತೊಡಗಿತ್ತು. ಪ್ರತಿ ಮಳೆಗಾಲದ ಮುಂಚೆ ಬದುವಿನ ಒಂದು ಅಂಚು ಕಡಿದು ನಮ್ಮ ಕಡೆ ಬರುತ್ತಿದ್ದ. ಕಡಿಯುವ ಟ್ರ್ಯಾಕ್ಟರಿನ ಮೇಲೆ ಕೂತವನು ನಾನೇ. “ಇನ್ನಷ್ಟ ಅಂಚಿಗೆ ಹಿಡಿ, ಹೆದರತೀ ಯಾಕ? ನಾ ಹೇಳಿದ್ದು ಹೌದಿಲ್ಲೋ?” ಎಂದು ಬದುವಿನ ಮೇಲೆ ನಿಂತು ಕೂಗುತ್ತಿದ್ದ. ಹಳದಿ ಟವೆಲ್ಲು ಹೆಗಲ ಮೇಲೆ. ಪ್ರತಿ ಮಾತಿನ ಬಾಲಕ್ಕೆ ಆ “ಹೌದಿಲ್ಲೋ”. ನಮ್ಮಪ್ಪನ ಹೊಲವನ್ನು ನಾನೇ ಉತ್ತು ಅವನಿಗೆ ಕೊಡುತ್ತಿದ್ದೆ. ಮನೆಗೆ ಬಂದು ಅವ್ವನ ಮುಂದೆ ತಟ್ಟೆ ನೂಕುತ್ತಿದ್ದೆ.

ಒಂದು ದಿನ ಟ್ರೇಲರಿನ ಕೊಂಡಿ ಕಳಚಿ ನನ್ನ ಕಾಲ ಮೇಲೆ ಬಿತ್ತು. ಮೊಣಕಾಲಿನವರೆಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಬಿದ್ದೆ. ಹಗಲಿಡೀ ಟಿವಿ. ಪಕ್ಕದಲ್ಲಿ ತಂಗಿಯ ಹೊಲಿಗೆ ಯಂತ್ರ. ಅವಳನ್ನು ಕಲಘಟಗಿ ಕಡೆ ಕೊಟ್ಟಿದ್ದೆವು. ಗಂಡನ ಮನೆ ಬಾಳಲಿಲ್ಲ, ಯಂತ್ರದ ಜೊತೆ ತಿರುಗಿ ಬಂದಿದ್ದಳು. ನನ್ನ ಹೆಂಡತಿಗೆ ಅದು ಸೇರುತ್ತಿರಲಿಲ್ಲ. ಖರೇ ಹೇಳಬೇಕೆಂದರೆ ನನಗೂ ಅಷ್ಟಾಗಿ ಸೇರುತ್ತಿರಲಿಲ್ಲ.

ಮಧ್ಯಾಹ್ನ ಒಂದು ಹಳೆಯ ಅಮೆರಿಕದ ಧಾರಾವಾಹಿ ಬರುತ್ತಿತ್ತು, ಹಿಂದಿ ಮಾತು ಕೂಡಿಸಿದ್ದು. ಮರಳು, ಕಲ್ಲುಗುಡ್ಡ, ಕಟ್ಟಿಗೆಯ ಮನೆಗಳು, ಸೊಂಟಕ್ಕೆ ಪಿಸ್ತೂಲು ಕಟ್ಟಿದ ಟೊಪ್ಪಿಗೆಯವರು. ದಿನಕ್ಕೊಂದು ಊರು, ದಿನಕ್ಕೊಂದು ಜಗಳ. ಅದರಲ್ಲಿ ಒಂದು ಕಂತನ್ನು ನಾವಿಬ್ಬರೂ ಕೂಡಿ ನೋಡಿದೆವು. ಊರಿನ ಒಂದು ಕುದುರೆ ಕಳುವಾಗುತ್ತದೆ. ದಾರಿಹೋಕನೊಬ್ಬನ ಮೇಲೆ ಹೊರಿಸುತ್ತಾರೆ. ಕುದುರೆ ಲಾಯ ನಡೆಸುವ ಗಂಡ ಸತ್ತ ಹೆಂಗಸೊಬ್ಬಳಿಗೆ ನಿಜವಾದ ಕಳ್ಳ ಊರ ಹಿರಿಯನೇ ಎಂದು ಗೊತ್ತು, ಕಣ್ಣಾರೆ ಕಂಡಿದ್ದಾಳೆ. ಆದರೂ ಸುಮ್ಮನಿರುತ್ತಾಳೆ. ದಾರಿಹೋಕನನ್ನು ನೀರಿಲ್ಲದ ಮರಳಿಗೆ ಅಟ್ಟುತ್ತಾರೆ. ಅವಳು ಲಾಯದ ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ.

ತಂಗಿ ಯಂತ್ರದ ಗಾಲಿ ನಿಲ್ಲಿಸಿದಳು.

“ಮುಗೀತಾ?”

“ಮುಗೀತು. ನಾಳೆ ಬ್ಯಾರೆ ಊರು,” ಎಂದೆ.

“ಆಕಿ ಬಾಯಾಗ ಕಡಬು ತುಂಬಿದ್ರೇನು? ಕಂಡಿದ್ಲಲ್ಲೋ ಅಣ್ಣ!”

“ಗಂಡ ಇಲ್ಲದಾಕಿ. ಏನ್ ಮಾಡ್ತಾಳ?”

“ಗಂಡ ಇಲ್ಲದಾಕಿಗೆ ನಾಲಿಗಿನೂ ಇರಂಗಿಲ್ಲೇನು?” ಎಂದು ನನ್ನ ಮೇಲೆಯೇ ಹಾಯ್ದಳು, ಆ ಕಂತನ್ನು ನಾನೇ ಬರೆದಂತೆ.

ಮರುದಿನ ಬೆಳಿಗ್ಗೆ ಕುಪ್ಪಸದ ಅಳತೆ ಕೊಡಲು ಬಂದ ಇಬ್ಬರು ಹೆಂಗಸರಿಗೆ ಅವಳು ಆ ಕಥೆ ಹೇಳಿದಳು. ಆದರೆ ಬಾಗಿಲು ಹಾಕಿಕೊಂಡಲ್ಲಿಗೆ ನಿಲ್ಲಿಸಲಿಲ್ಲ. ಹೆಂಗಸು ನಸುಕಿನಲ್ಲಿ ಎದ್ದು ಲಾಯದ ಎಲ್ಲ ಕುದುರೆಗಳ ಹಗ್ಗ ಬಿಚ್ಚಿ ಹೊಡೆದು ಓಡಿಸುತ್ತಾಳೆ, ದಾರಿಹೋಕನ ಬೆನ್ನು ಹತ್ತಲು ಊರಿನವರಿಗೆ ಒಂದು ಕುದುರೆಯೂ ಉಳಿಯುವುದಿಲ್ಲ. ಇನ್ನೊಂದು ದಿನ, ಮರಳಿಗೆ ಅಟ್ಟಿಸಿಕೊಂಡವನಿಗೆ ಒಂದು ಬಾವಿ ಸಿಗುತ್ತದೆ, ಬಾವಿಯ ಸುತ್ತ ಒಂದು ಊರು. ಆ ಊರಿನವರೆಲ್ಲ ಬೇರೆ ಬೇರೆ ಊರುಗಳಿಂದ ಹೀಗೇ ಅಟ್ಟಿಸಿಕೊಂಡು ಬಂದವರು. ಅಲ್ಲಿ ಯಾರೂ ಯಾರನ್ನೂ ‘ನೀ ಏನು ಮಾಡಿದ್ದೆ’ ಎಂದು ಕೇಳುವುದಿಲ್ಲ. ಇದು ನನಗೂ ಸೇರಿತು. ಹೇಳಲಿಲ್ಲ.

ಹೆಂಗಸರು ಅಳತೆಯ ನೆಪದಲ್ಲಿ ಬರತೊಡಗಿದರು. ಒಬ್ಬ ಮುದುಕಿ ದಿನಾ ಬಂದು ಯಂತ್ರದ ಕಾಲಬುಡದಲ್ಲಿ ಕೂತು ಆಣತಿ ಕೊಡುತ್ತಿದ್ದಳು: “ನೋಡವ್ವ, ಆಕಿಗೂ ಆ ಟೊಪ್ಪಿಗಿಯವಗೂ ಲಗ್ನ ಮಾತ್ರ ಮಾಡಬ್ಯಾಡ. ಒಂದು ಲಗ್ನದಾಗ ಸಾಕಾಗೈತಿ ಆಕಿಗೆ.” ಬರಲಾಗದವರು ಕೇಳಿದರೆಂದು ತಂಗಿ ಸ್ವಸಹಾಯ ಸಂಘದ ವಾಟ್ಸಾಪ್ ಗ್ರೂಪಿಗೆ ಕಥೆಯನ್ನು ಮಾತಿನಲ್ಲೇ ಕಳಿಸತೊಡಗಿದಳು. ಫೋನನ್ನು ಬಾಯಿಗೆ ಹಿಡಿದು ಹೇಳುತ್ತಿದ್ದಳು, ಒಂದು ಕಾಲು ಯಂತ್ರ ತುಳಿಯುತ್ತಲೇ ಇರುತ್ತಿತ್ತು. ಗದ್ದೆಗೆ ಹೋದ ಹೆಂಗಸರು ನಾಟಿ ಮಾಡುತ್ತ ಕೇಳುತ್ತಿದ್ದರಂತೆ. ದಾರಿಯಲ್ಲಿ ಸಿಕ್ಕವರೆಲ್ಲ ಅವಳಿಗೆ, “ಮುಂದೇನಾತು?” ಎನ್ನುತ್ತಿದ್ದರು. ಗಂಡನ ಮನೆಯಿಂದ ಬಂದ ಮೇಲೆ ಮೊದಲ ಸಲ ಅವಳನ್ನು ಯಾರೋ ಒಳ್ಳೆಯದಕ್ಕಾಗಿ ತಡೆದು ಮಾತಾಡಿಸುತ್ತಿದ್ದರು. ಅದೊಂದೇ ಅವಳ ಬಳಿ ಇದ್ದದ್ದು. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ.

ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಂದವರು ನನ್ನ ಕಾಲು ದಾಟಿಕೊಂಡು ಅವಳ ಹತ್ತಿರ ಹೋಗುತ್ತಿದ್ದರು. ಹಾಗಾಗಿ ನಾನೂ ಕಥೆಗೆ ಕೈ ಹಾಕಿದೆ.

“ಕುದುರಿ, ಲಾಯ ಅಂದ್ರ ಯಾರಿಗೆ ತಿಳೀತೈತಿ? ಹೋರಿ ಅನ್ನು. ದೀಪಾವಳಿಗೆ ಬೆದರಿಸೋ ಹೋರಿ. ಆಕಿ ದನದ ಕೊಟ್ಟಿಗಿ ನಡಸಾಕಿ.”

“ಹೌದಲ್ಲೋ!” ಎಂದಳು. ಮರುದಿನದಿಂದ ಕುದುರೆ ಹೋರಿಯಾಯಿತು. ಹೆಂಗಸರಿಗೆ ಇನ್ನೂ ಹತ್ತಿರವಾಯಿತು.

ನಾನು ಅಲ್ಲಿಗೆ ಬಿಡಲಿಲ್ಲ. “ಆ ಊರ ಹಿರಿಯ ಅದಾನಲ್ಲ, ನಿಜವಾದ ಕಳ್ಳ, ಅವನ ಹೆಗಲಿಗೆ ಒಂದು ಹಳದಿ ಟವೆಲ್ ಹಾಕು. ಮಾತಿಗೊಮ್ಮೆ ‘ಹೌದಿಲ್ಲೋ’ ಅನ್ನಸು.”

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಬ್ಯಾಡೋ ಅಣ್ಣ. ದೊಡ್ಡಪ್ಪಗ ಹತ್ತತೈತಿ,” ಎಂದಳು.

“ಹತ್ತಲಿ. ಹೆಂಗಸರ ಗ್ರೂಪಿಂದು ಅಂವ ಎಲ್ಲಿ ಕೇಳ್ತಾನ? ಕದ್ದ ಹೋರಿನ್ನ ಅನಮೋಡ ಘಾಟ ದಾಟಿಸಿ ಗೋವಾದಾಗ ಮಾರಿದ ಅಂತ ಹೇಳು.”

“ಅದು ಬ್ಯಾಡ.”

“ಹೆದರಪುಕ್ಕಿ! ಆ ಟಿವಿಯೊಳಗಿನ ಹೆಂಗಸಿನಂಗ ನೀನೂ ಬಾಗಿಲಾ ಹಾಕ್ಕೊಂಡು ಕುಂದ್ರು ಹಂಗಾರ.”

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚಲಿ ಎಂದೇ ಆಡಿದ್ದು. ಅನಮೋಡದ ಮಾತಿಗೆ ಒಂದು ಹಿನ್ನೆಲೆ ಇತ್ತು. ಹಿಂದೊಮ್ಮೆ ನಮ್ಮ ಊರಿನ ಒಂದು ಹೋರಿ ಕಾಣೆಯಾಗಿತ್ತು. ದನ ಕಾಯುವವನ ಮೇಲೆ ಹೊರಿಸಿದ್ದರು. ಅವನು ಸಂಸಾರ ಕಟ್ಟಿಕೊಂಡು ಜೋಯಿಡಾ ಹತ್ತಿರದ ರಾಮನಗರದ ಕಡೆ ಹೋಗಿಬಿಟ್ಟ. ಮಾಡಿದ್ದು ದೊಡ್ಡಪ್ಪನೇ ಎಂದು ಬೆನ್ನ ಹಿಂದೆ ಕೆಲವರು ಆಡಿಕೊಳ್ಳುತ್ತಿದ್ದರು. ಹೌದೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ನನಗೆ ಬೇಕಾಗಿದ್ದು ನಿಜವಲ್ಲ. ನಮ್ಮ ಬದು ಕಡಿದವನ ಮುಖಕ್ಕೆ ಯಾರಾದರೂ ಉಗುಳಬೇಕಿತ್ತು, ಆದರೆ ಉಗುಳು ನನ್ನದೆಂದು ಗೊತ್ತಾಗಬಾರದಿತ್ತು. ತಂಗಿಯ ಬಾಯಿ ಹತ್ತಿರವಿತ್ತು.

ಅವಳು ನಾನು ಹೇಳಿದಂತೆಯೇ ಕಥೆ ಹೇಳಿ ಕಳಿಸಿದಳು.

ದೊಡ್ಡಪ್ಪನ ಸೊಸೆ ಅದೇ ಸಂಘದವಳೆಂಬುದು ನನ್ನ ತಲೆಯಲ್ಲಿ ಹೊಳೆಯಲೇ ಇಲ್ಲ. ಅವಳು ರೊಟ್ಟಿ ಬಡಿಯುತ್ತ ಫೋನಿನಲ್ಲಿ ಕಥೆ ಹಚ್ಚಿದ್ದಾಳೆ. ಹೊರಗೆ ಊಟಕ್ಕೆ ಕೂತ ಮಾವನ ಕಿವಿಗೆ ಅಡುಗೆಮನೆಯೊಳಗಿಂದ ತನ್ನದೇ “ಹೌದಿಲ್ಲೋ” ಬಿದ್ದಿದೆ.

ಎಂಜಲು ಕೈ ಒಣಗುವ ಮೊದಲೇ ನಮ್ಮ ಅಂಗಳದಲ್ಲಿದ್ದ.

“ಏ, ಹೊರಗ ಬಾ! ನಾ ಕಳ್ಳೇನು? ನಾ ಹೋರಿ ಮಾರೀನೇನು? ಗಂಡನ ಮನಿ ನೆಟ್ಟಗ ಮಾಡಲಾರದಾಕಿ ಊರ ಮಂದಿ ಕಥಿ ಕಟ್ಟತೀ?”

“ಅದು ಟಿವಿಯಾಗ ಬಂದಿದ್ದರಿ ದೊಡ್ಡಪ್ಪಾರ,” ಎಂದಳು ತಂಗಿ. “ಅಲ್ಲಿ ಕುದುರಿ ಇತ್ತರಿ...”

“ಟಿವಿಯಾಗ ಅನಮೋಡ ಬಂದಿತ್ತೇನು? ಟಿವಿಯಾಗ ನನ್ನ ಟವೆಲ್ ಬಂದಿತ್ತೇನು? ಯಾರು ಹೇಳಿಕೊಟ್ಟಾರ ನಿನಗ?”

ಅವಳು ನನ್ನ ಕಡೆ ನೋಡಿದಳು. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದೆ. ಕಾಲು ಕೂಡಿದ ಮೇಲೆ ಮತ್ತೆ ಅವನ ಟ್ರ್ಯಾಕ್ಟರನ್ನೇ ಹತ್ತಬೇಕಿತ್ತು. ನಾನು ಪಟ್ಟಿಯ ಬಿಚ್ಚಿದ ಎಳೆಯೊಂದನ್ನು ಕೀಳತೊಡಗಿದೆ.

“ಯಾರೂ ಇಲ್ಲರಿ,” ಎಂದಳು. “ನಾನ ಕಟ್ಟೀನಿ.”

ಸೋಮವಾರ ಬಸವಣ್ಣನ ಗುಡಿಯಲ್ಲಿ ಹಿರಿಯರು ಕೂಡಿದರು. ಮಾತು ಬೆಳೆಯಲಿಲ್ಲ. ತಪ್ಪುಕಾಣಿಕೆ ಇಡಬೇಕು, ಇನ್ನು ಮೇಲೆ ಗ್ರೂಪಿನಲ್ಲಿ ಬಾಯಿ ಬಿಡಬಾರದು ಎಂದರು. ಸಂಘದ ಹೆಂಗಸರೂ ಬಂದಿದ್ದರು. ನಿನ್ನೆಯವರೆಗೆ “ಮುಂದೇನಾತು” ಎನ್ನುತ್ತಿದ್ದವರು ಕಂಬದ ಹಿಂದೆ ಸೆರಗು ಎಳೆದುಕೊಂಡು ನಿಂತಿದ್ದರು. ತಂಗಿ ಕಾಯಿ ಹಿಡಿದುಕೊಂಡು ನಿಂತಳು, ಬಗ್ಗಲಿಲ್ಲ. ಆಗ ಒಬ್ಬ ಹಿರಿಯ ನನ್ನ ಕಡೆ ತಿರುಗಿ, “ನೀ ಆಕಿ ಅಣ್ಣ ಅದೀ. ಮನ್ಯಾಗ ಕುಂತು ಕೇಳೀ. ನಿನಗ ಗೊತ್ತಿರಲಿಲ್ಲೇನು?” ಎಂದು ಕೇಳಿದ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆಗ ಹೇಳಬಹುದಿತ್ತು. ನಾನು ಹೇಳಿದ್ದು ಇದು: “ಬ್ಯಾಡ ಅಂತ ನಾ ಹೇಳಿದ್ದೆರಿ. ಆಕಿ ಎಲ್ಲಿ ಕೇಳ್ತಾಳ?”

ಬೇಡ ಎಂದವಳು ಅವಳು. ಅವಳ ಆ ಮಾತನ್ನೂ ಕದ್ದು ನನ್ನದೆಂದು ತೋರಿಸಿದೆ.

ತಂಗಿ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಕಾಯಿ ಇಟ್ಟು, “ತಪ್ಪಾತು” ಎಂದು ದೊಡ್ಡಪ್ಪನ ಕಾಲಿಗೆ ಬಗ್ಗಿದಳು. ಅವನು ಕಾಲು ಸ್ವಲ್ಪ ಮುಂದಕ್ಕೆ ಚಾಚಿದ.

ಅದೇ ವಾರ ಯಂತ್ರ ಕಟ್ಟಿಕೊಂಡು ದಾಂಡೇಲಿಗೆ ಹೋದಳು. ಅಲ್ಲಿ ನದಿಗೆ ಬರುವ ಪ್ರವಾಸಿಗರ ಒಂದು ವಸತಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ, ಹರಿದದ್ದು ಹೊಲಿಯುವ ಕೆಲಸ ಸಿಕ್ಕಿತ್ತು. ಹೋಗುವಾಗ ಅವ್ವನಿಗೆ ಮಾತ್ರ ಹೇಳಿದಳು. “ಹೋದ್ರ ಹೋಗ್ಲಿ ಬಿಡ್ರಿ, ಮನಿ ತಣ್ಣಗಾತು,” ಎಂದಳು ನನ್ನ ಹೆಂಡತಿ. ಮನೆ ತಣ್ಣಗಾಗಲಿಲ್ಲ. ಅವ್ವ ನನಗೆ ಬಡಿಸುವುದನ್ನು ಬಿಟ್ಟಳು. ಪಾತ್ರೆ ನನ್ನ ಮುಂದೆ ಸರಿಸಿ, “ಹಾಕ್ಕೊ. ನಿನಗ ಕೈ ಅದಾವಲ್ಲ. ಬಾಯಿ ಒಂದ ಇಲ್ಲ,” ಎನ್ನುತ್ತಿದ್ದಳು. ನಾನು ಅವಳ ಮೇಲೆ ಕೂಗಾಡುತ್ತಿದ್ದೆ. ಅವಳಿಗೆ ಹೇಗೋ ತಿಳಿದಿತ್ತು. ಆ ಟವೆಲ್ಲಿನ ಮಾತಾಡುವಾಗ ಒಳಗೆ ಅಕ್ಕಿ ಆರಿಸುತ್ತಿದ್ದಳೇನೋ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಕಾಲು ಕೂಡಿತು. ಟ್ರ್ಯಾಕ್ಟರ್ ಹತ್ತಿದೆ. ಬದು ಮತ್ತೆ ಕಡಿದೆ. ತಂಗಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಲಿಲ್ಲವೆಂದು ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಒಬ್ಬನೇ ಇದ್ದಾಗ ಅವಳೊಡನೆ ಜಗಳ ಆಡುತ್ತಿದ್ದೆ: ನಾನು ಹೇಳಿಕೊಟ್ಟರೆ ನೀನು ಯಾಕೆ ಹೇಳಬೇಕಿತ್ತು, ನಿನಗೆ ಬುದ್ಧಿ ಇರಲಿಲ್ಲವೇ. ಅಂಥ ಜಗಳದಲ್ಲಿ ಪ್ರತಿ ಸಲ ನಾನೇ ಗೆಲ್ಲುತ್ತಿದ್ದೆ.

ಹೀಗೆ ಎರಡು ಸುಗ್ಗಿ ಕಳೆದವು. ಒಂದು ದಿನ ದೊಡ್ಡಪ್ಪನ ಕಣದಲ್ಲಿ ಜೋಳದ ಚೀಲ ಹೇರುತ್ತಿದ್ದೆವು. ಆಳುಗಳೆಲ್ಲ ಚಹಾಕ್ಕೆ ಕೂತಾಗ ದೊಡ್ಡಪ್ಪ ನನ್ನನ್ನು ನೋಡಿ, “ಏನಲೇ, ನಿನ್ನ ತಂಗಿ ಈಗೇನ್ ಮಾಡ್ತಾಳ? ದಾಂಡೇಲ್ಯಾಗ ಯಾರ ಹೋರಿ ಕಥಿ ಹೇಳಾಕತ್ತಾಳ? ಬಗ್ಗಾಕ ಛಲೋ ಕಲ್ತಾಳ ಬಿಡು. ನಾ ಹೇಳಿದ್ದು ಹೌದಿಲ್ಲೋ?” ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ನಗು ಎಲ್ಲರಿಗಿಂತ ಜೋರಾಗಿತ್ತು. ಚಹಾ ಅಲ್ಲೇ ಚೆಲ್ಲಿ ಎದ್ದೆ. ಮರುದಿನ ಹಳಿಯಾಳದಲ್ಲಿ ಬಸ್ಸು ಬದಲಿಸಿ ದಾಂಡೇಲಿಗೆ ಹೋದೆ.

ವಸತಿಯ ಹಿಂದಿನ ಬಾಗಿಲ ಹತ್ತಿರ ಹಗ್ಗಗಳ ಮೇಲೆ ಬಿಳಿ ಹೊದಿಕೆಗಳು ಒಣಗುತ್ತಿದ್ದವು. ಅವಳು ಜೋಯಿಡಾ ಕಡೆಯ ಕೊಂಕಣಿ ಮಾತಿನ ಹೆಂಗಸೊಬ್ಬಳ ಜೊತೆ ಹೊದಿಕೆಯ ಎರಡು ತುದಿ ಹಿಡಿದು ಹಿಂಡುತ್ತಿದ್ದಳು. ನನ್ನನ್ನು ಕಂಡರೂ ಹಿಂಡುವುದು ನಿಲ್ಲಿಸಲಿಲ್ಲ.

“ಅವ್ವ ಸತ್ಲೇನು?” ಎಂದಳು.

“ಇಲ್ಲ. ಅರಾಮ ಅದಾಳ.”

“ಮತ್ತ್ಯಾಕ ಬಂದಿ? ಅಲ್ಲಿ ಬಗ್ಗಾಕ ಯಾರೂ ಸಿಗವಲ್ರೇನು?”

“ತಂಗಿ, ನಂದು ತಪ್ಪು...”

“ಏ, ನಿಲ್ಲಸು!” ಅವಳು ಹೊದಿಕೆಯ ತುದಿ ಬಿಟ್ಟಳು. “ಇಲ್ಲಿ ಹೇಳಬ್ಯಾಡ. ನಮ್ಮೂರವರು ಯಾರೂ ಇಲ್ಲದಾಗ, ಅರಿವಿ ಮರಿಗೆ ನಿಂತು ಹೇಳತೀಯಾ? ನಾ ಎಲ್ಲಿ ಬಗ್ಗೀನಿ, ಅಲ್ಲಿ ಹೇಳು. ಅವರೆಲ್ಲಾ ಇದ್ದಾಗ ಹೇಳು. ಇಲ್ಲಂದ್ರ ಬಂದ ಬಸ್ಸಿಗೆ ತಿರುಗಿ ಹೋಗು.”

“ಕೆಲಸ ಹೋಗತೈತಿ ನಂದು.”

“ಹೋಗ್ಲಿ.”

ಕೊಂಕಣಿ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಅರೆಬರೆ ಕನ್ನಡದಲ್ಲಿ, “ಇವನೇ ಏನು ಹೋರಿ ಮಾಡಿದವ?” ಎಂದು ಕೇಳಿದಳು. ತಂಗಿ ಎಲ್ಲ ಹೇಳಿದ್ದಳು ಅವಳಿಗೆ.

“ಇವನ,” ಎಂದಳು ತಂಗಿ. ನನಗೆ ಹೇಳಿದಳು: “ನಾ ಕಥಿ ಬಿಟ್ಟೀನಿ ಅಂದ್ಕೊಂಡಿದ್ದೇನು? ಇಲ್ಲಿ ಅಡಗಿ ಮನಿಯಾಗ ಹೇಳ್ತೇನಿ. ಅದರಾಗ ಈಗ ಕುದುರಿನ ಐತಿ. ಆ ಹೆಂಗಸು ಏನ್ ಮಾಡಿದ್ಲು ಅಂತ ಮಾತ್ರ ಇನ್ನೂ ಹೇಳಿಲ್ಲ. ನನಗ ಗೊತ್ತಾಗವಲ್ದು.”

ಅಲ್ಲೇ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಮುಂದಿನ ಸೋಮವಾರ ಅವಳು ರಜೆ ತೆಗೆದುಕೊಂಡು ಬಂದಳು. ಕರೆತರಲು ನಾನೇ ಹೋಗಿದ್ದೆ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ತೆಗೆದುಕೊಂಡು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ. ಹಳಿಯಾಳದ ನಿಲ್ದಾಣದಲ್ಲಿ ಚಹಾ ತಂದುಕೊಟ್ಟರೆ, “ನನಗ ಬ್ಯಾಡ” ಎಂದಳು.

ಗುಡಿಯಲ್ಲಿ ಸಂಜೆಯ ಪೂಜೆ ಮುಗಿದು ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಸಂಘದ ಹೆಂಗಸರೂ ಇದ್ದರು, ಯಂತ್ರದ ಬುಡದಲ್ಲಿ ಕೂರುತ್ತಿದ್ದ ಆ ಮುದುಕಿಯೂ ಇದ್ದಳು. ತಂಗಿಯನ್ನು ಕಂಡು ದೊಡ್ಡಪ್ಪ, “ಬಂದ್ಲು ನೋಡ್ರಿ ಕಥಿಗಾರ್ತಿ,” ಎಂದ.

ನಾನು ಎಲೆ, ಅಡಿಕೆ, ಕಾಯಿ ಬಸವಣ್ಣನ ಮುಂದೆ ಇಟ್ಟೆ.

“ಹಳದಿ ಟವೆಲ್ ನಾ ಹೇಳಿದ್ದು,” ಎಂದೆ. “ಹೌದಿಲ್ಲೋ ಅನ್ನೂದೂ ನಂದ. ಅನಮೋಡದ ಮಾತೂ ನಂದ. ನಾವು ಟಿವಿಯಾಗ ನೋಡಿದ್ದು ಕುದುರಿ ಕಥಿರಿ. ಅದನ್ನ ಹೋರಿ ಮಾಡಿದಾಂವ ನಾನು.”

ಕಟ್ಟೆಯ ಮೇಲೆ ಗದ್ದಲವೆದ್ದಿತು. “ತಪ್ಪುಕಾಣಿಕಿ ಇಟ್ಟ ವಿಷಯ ಮತ್ತ ಎತ್ತಬಾರದು!” ಎಂದು ಒಬ್ಬ ಹಿರಿಯ ಕೂಗಿದ.

“ತಪ್ಪು ಮಾಡಿದಾಂವ ಎಲ್ಲಿ ಇಟ್ಟಾನ ಅಂತೀನಿ?” ಎಂದಳು ಮುದುಕಿ ಹೆಂಗಸರ ನಡುವಿನಿಂದ. “ಈಗ ಇಡಾಕತ್ತಾನ, ಇಡಲಿ ಬಿಡ್ರಿ.”

ದೊಡ್ಡಪ್ಪ ಎದ್ದು ನನ್ನ ಮುಂದೆ ಬಂದು ನಿಂತ. “ನನ್ನ ಅನ್ನ ಉಂಡು ನನಗ ಕಳ್ಳ ಅಂದೇನಲೇ?”

“ನೀವು ಕಳ್ಳರೋ ಅಲ್ಲೋ ನನಗ ಗೊತ್ತಿಲ್ಲರಿ. ಹೋರಿ ವಿಷಯ ಗೊತ್ತಿಲ್ಲದ ಅಂದೆ, ಅದು ತಪ್ಪು. ಬದು ಗೊತ್ತೈತಿ. ಅದನ್ನ ಕಡಿದಾಂವ ನಾನ.”

“ನಾಳಿಂದ ಟ್ರ್ಯಾಕ್ಟರ್ ಮುಟ್ಟಿದಿ ಅಂದ್ರ ಕೈ ಮುರೀತೇನಿ,” ಎಂದು ಟವೆಲ್ಲು ಝಾಡಿಸಿ ಕೆಳಗಿಳಿದು ಹೋದ. ಅವನ ಹಿಂದೆ ಕೆಲವರು ಎದ್ದು ಹೋದರು. ಎಲ್ಲರೂ ಹೋಗಲಿಲ್ಲ.

ನಾನು ಮುಗಿಯಿತೆಂದುಕೊಂಡೆ. ಹಗುರವಾಯಿತೆಂದೂ ಅನ್ನಿಸತೊಡಗಿತ್ತು. ತಂಗಿ ಇನ್ನೂ ಕಂಬದ ಹತ್ತಿರವೇ ನಿಂತಿದ್ದಳು.

“ಇನ್ನೊಂದೈತಿ,” ಎಂದಳು.

ಅದು ಯಾವುದೆಂದು ನನಗೆ ಗೊತ್ತಿತ್ತು. ದೊಡ್ಡಪ್ಪನ ಮುಂದೆ ಆಡಿದ ಮಾತೆಲ್ಲ ಅದರ ಮುಂದೆ ಸುಲಭವಾಗಿತ್ತು. ಹೆಂಗಸರು ಕಾಯುತ್ತಿದ್ದರು. ನಾನು ಅವಳ ಕಡೆ ತಿರುಗಿ ಬಗ್ಗಿದೆ. ಅವಳು ತನ್ನ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಅಂದಾಕಿ ನೀನು, ತಂಗಿ,” ಎಂದೆ, ಎಲ್ಲರಿಗೂ ಕೇಳುವಂತೆ. “ನಾ ಬ್ಯಾಡ ಅಂದಿದ್ದೆ ಅಂತ ಇಲ್ಲಿ ನಿಂತು ಸುಳ್ಳು ಹೇಳಿದೆ. ನಿನ್ನ ಕಡೆಯಿಂದ ಕಾಯಿ ಇಡಿಸಿದಾಂವ ನಾನು. ನಂದು ತಪ್ಪಾತವ್ವ.”